ಮುಂದಿನ ಬ್ರೇಕ್ ಮುಟ್ಟಬ್ಯಾಡ ಅಂದವರಿಗೆ

ರೋಹಿಣಿ ಮಳೆ ಮೊದಲ ಸಲ ಜೋರಾಗಿ ಹೊಡೆದ ಮರುದಿನ ಬೆಳಿಗ್ಗೆ ಮುದಗಲ್ಲಿನ ಬಸ್ ನಿಲ್ದಾಣದ ಹತ್ತಿರ ಯಾವುದಾದರೂ ಚಹಾದ ಹೋಟೆಲಿನಲ್ಲಿ ಕೂತು ನೋಡಿ. ಪ್ರತಿ ವರ್ಷ ಅದೇ ನಾಟಕ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡವನೊಬ್ಬ ಕುಂಟುತ್ತ ಒಳಗೆ ಬರುತ್ತಾನೆ. "ಏನಾತಲೇ?" "ಗಾಡಿ ಜಾರಿತು." "ಎಲ್ಲಿ?" "ಲಿಂಗಸುಗೂರು ರೋಡಿನ್ಯಾಗ." ಅಷ್ಟು ಹೇಳುವುದೇ ತಡ, ನಾಲ್ಕೂ ಟೇಬಲ್ಲಿನಿಂದ ಒಂದೇ ಪ್ರಶ್ನೆ: "ಮುಂದಿನ ಬ್ರೇಕ್ ಹಿಡಿದಿದ್ದೇನು?" ಅವನು ತಲೆ ತಗ್ಗಿಸುತ್ತಾನೆ. ವಿಚಾರಣೆ ಮುಗಿಯಿತು. "ಎಷ್ಟ್ ಸಲ ಹೇಳಬೇಕೋ ನಿನಗ, ಮಳ್ಯಾಗ ಮುಂದಿನ ಬ್ರೇಕ್ ಮುಟ್ಟಬಾರದಂತ!" ಚಹಾ ಬರುತ್ತದೆ, ಮಾತು ಬೀಜ–ಗೊಬ್ಬರದ ಕಡೆ ಹೊರಳುತ್ತದೆ.

ನನ್ನ ತಕರಾರು ಇರುವುದು ಈ ತೀರ್ಪಿನ ಮೇಲೆ. ಮುದಗಲ್, ಲಿಂಗಸುಗೂರು, ಮಸ್ಕಿ, ಸಿಂಧನೂರಿನ ನಮ್ಮ ಸೀಮೆಯಲ್ಲಿ ಮಳೆ–ಗಾಳಿಯಲ್ಲಿ ಸ್ಕೂಟಿ ಓಡಿಸುವ ವಿದ್ಯೆ ಎಂದರೆ ನಾಲ್ಕೇ ಮಾತು. ಒಂದು, ನಮ್ಮೂರಾಗ ಮಳಿ ಎಲ್ಲೈತಿ? ಎರಡು, ಮುಂದಿನ ಬ್ರೇಕ್ ಮುಟ್ಟಬ್ಯಾಡ. ಮೂರು, ಎರಡೂ ಕಾಲು ಕೆಳಗೆ ಬಿಟ್ಟು ರೋಡಿನ ಅಂಚು ಹಿಡಿದು ನಿಧಾನ ಹೋಗು. ನಾಲ್ಕು, ಅಷ್ಟಾದ ಮೇಲೂ ಬಿದ್ದರೆ ಹಣೆಬರಹ. ಅಪ್ಪ ಮಗನಿಗೆ, ಅಣ್ಣ ತಂಗಿಗೆ, ಗ್ಯಾರೇಜಿನ ಮಿಸ್ತ್ರಿ ಗಿರಾಕಿಗೆ ಇದನ್ನೇ ಹೇಳುತ್ತ ಬಂದಿದ್ದಾರೆ. ನಾನೂ ಹತ್ತು ವರ್ಷ ನಂಬಿದ್ದೆ, ಬೇರೆಯವರಿಗೆ ಉಪದೇಶವನ್ನೂ ಮಾಡಿದ್ದೆ. ಈಗ ಹೇಳುತ್ತೇನೆ, ನಾಲ್ಕೂ ತಪ್ಪು. ಮೂರನೆಯದರಲ್ಲಿ 'ನಿಧಾನ' ಎಂಬ ಒಂದು ಪದವನ್ನು ಮಾತ್ರ ಉಳಿಸಿಕೊಳ್ಳಬಹುದು.

ಮೊದಲನೆಯ ಮಾತು ನೋಡೋಣ. ರಾಯಚೂರು ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ ಅದು 7000 ದಾಟುತ್ತದೆ. ಹಾಗಾಗಿ ಮಳೆಯ ಸವಾರಿ ಮಲೆನಾಡಿನವರ ತಲೆನೋವು, ಬಿಸಿಲ ನಾಡಿನ ನಮಗೇನು ಎಂಬ ಉಡಾಫೆ. ಆದರೆ ಟೈರಿಗೆ ವರ್ಷದ ಸರಾಸರಿ ಗೊತ್ತಿರುವುದಿಲ್ಲ. ತನ್ನ ಕೆಳಗೆ ಈ ಗಳಿಗೆಯಲ್ಲಿ ಏನಿದೆ ಎಂಬುದಷ್ಟೇ ಅದಕ್ಕೆ ಮುಖ್ಯ. ಮಳೆ ಹೆಚ್ಚಿರುವ ಕಡೆ ರಸ್ತೆ ದಿನವೂ ತೊಳೆದು ಹೋಗುತ್ತದೆ. ನಮ್ಮ ರಸ್ತೆಯ ಮೇಲೆ ದೀಪಾವಳಿ ಕಳೆದ ಮೇಲೆ ಬೇಸಿಗೆ ಮುಗಿಯುವತನಕ ಡೀಸೆಲ್ ಹನಿ, ಎಂಜಿನ್ ಆಯಿಲ್, ಟೈರು ಸವೆದ ಪುಡಿ, ಧೂಳು ಒಂದರ ಮೇಲೊಂದು ಕೂತಿರುತ್ತವೆ. ಮೊದಲ ಹನಿಗೆ ಇವೆಲ್ಲ ಕಲೆತು ಲೋಳೆಯಾಗುತ್ತದೆ. ಮಳೆ ಅರ್ಧ ತಾಸು ಬಿಡದೆ ಹೊಡೆದರೆ ಲೋಳೆ ಕೊಚ್ಚಿ ಹೋದೀತು. ನಮ್ಮ ಅಡ್ಡಮಳೆಯೋ, ಹತ್ತು ನಿಮಿಷ ಉದುರಿ ನಿಂತುಬಿಡುತ್ತದೆ. ಮೋಡ ಹೋಯಿತು, ಬಿಸಿಲು ಬಿತ್ತು ಎಂದು ಸವಾರ ಗಾಡಿಯ ಕಿವಿ ಹಿಂಡುತ್ತಾನೆ. ಲೋಳೆ ಮಾತ್ರ ಇದ್ದಲ್ಲೇ ಇರುತ್ತದೆ.

ಅದರ ಮೇಲೆ ಎರೆ ಮಣ್ಣು. ಹದವಾದ ಹೊಲದಿಂದ ಡಾಂಬರಿಗೆ ಹತ್ತಿದ ಟ್ರ್ಯಾಕ್ಟರನ್ನು ಒಮ್ಮೆ ಹಿಂದಿನಿಂದ ಗಮನಿಸಿ. ದೊಡ್ಡ ಗಾಲಿಯ ಕಟ್ಟುಗಳ ಸಂದಿಯಲ್ಲಿ ಸಿಕ್ಕಿಕೊಂಡ ಮಣ್ಣು ನೂರು ಮಾರು ದೂರದವರೆಗೆ ಹೆಂಟೆ ಹೆಂಟೆಯಾಗಿ ಕಳಚಿ ಬೀಳುತ್ತದೆ, ಒಂದೊಂದೂ ಇಟ್ಟಿಗೆಯ ಗಾತ್ರ. ಮೇಲಿನಿಂದ ನಾಲ್ಕು ಲಾರಿ ಹೋದರೆ ಅದು ರಸ್ತೆಗೆ ಬಳಿದಂತಾಗುತ್ತದೆ. ಒಣಗಿದಾಗ ಕಲ್ಲಿನಂತಿರುವ ಆ ಮಣ್ಣು ನೆನೆದರೆ ಬೆಣ್ಣೆ. ಸಿಂಧನೂರಿನ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಿಟ್ಟು ಭತ್ತದ ಗದ್ದೆ ರೊಜ್ಜು ಮಾಡುವ ದಿನಗಳಲ್ಲಿ, ಆಕಾಶದಿಂದ ಒಂದು ಹನಿ ಬೀಳದಿದ್ದರೂ ರಸ್ತೆ ಹಸಿಯಾಗಿರುತ್ತದೆ. ಇದು ಮಳೆ ಇಲ್ಲದ ಸೀಮೆಯಂತೆ!

ಗಾಳಿಯ ವಿಷಯದಲ್ಲೂ ಅಷ್ಟೇ ತಾತ್ಸಾರ. ನಮಗಿಂತ ಗಾಳಿಯ ಬೆಲೆ ಚೆನ್ನಾಗಿ ಅರಿತವರು ವಿದ್ಯುತ್ ಕಂಪನಿಗಳವರು. ಗದಗಿನ ಕಪ್ಪತಗುಡ್ಡದ ಸಾಲಿನಲ್ಲಿ, ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಎದ್ದು ನಿಂತ ಗಾಳಿಯಂತ್ರಗಳನ್ನು ಯಾರೂ ಅಂದಕ್ಕೆ ನೆಟ್ಟಿಲ್ಲ. ಗಾಳಿ ಅಳೆದು, ಲಾಭ ಲೆಕ್ಕ ಹಾಕಿ ನೆಟ್ಟಿದ್ದಾರೆ. ಬೃಹತ್ ರೆಕ್ಕೆಗಳನ್ನು ತಿರುಗಿಸುವ ಆಷಾಢದ ಆ ಗಾಳಿ ನೂರು–ನೂರಹತ್ತು ಕಿಲೋ ತೂಕದ ಸ್ಕೂಟಿಯನ್ನು ಮಾತ್ರ ಗೌರವದಿಂದ ಬಿಟ್ಟುಬಿಡುತ್ತದೆಯೇ?

ಇನ್ನು ಎರಡನೆಯ ಮಾತು, ಈ ನಂಬಿಕೆಗಳ ಪೈಕಿ ಎಲ್ಲಕ್ಕಿಂತ ಗಟ್ಟಿಯಾದದ್ದು: ಮುಂದಿನ ಬ್ರೇಕ್ ಮುಟ್ಟಬ್ಯಾಡ.

ಮೊದಲು ನನ್ನ ಕಥೆ. ಹಳೆಯ ಸ್ಕೂಟಿ ಕೊಂಡ ವಾರವೇ ನಾನು ಗ್ಯಾರೇಜಿಗೆ ಹೋಗಿ ಮುಂದಿನ ಬ್ರೇಕಿನ ಕೇಬಲ್ ಸಡಿಲ ಮಾಡಿಸಿದೆ. ಮಿಸ್ತ್ರಿ ಯಾಕೆಂದು ಕೇಳಲಿಲ್ಲ. ಅವನ ಅಂಗಡಿಗೆ ಬರುವ ಅರ್ಧ ಗಾಡಿಗಳಿಗೆ ಅದೇ ಸೇವೆ. ಬಲಗೈ ಬ್ರೇಕ್ ಹಿಡಿದರೆ ಹಿಡಿಕೆಯವರೆಗೆ ಬಂದು ತಾಗುತ್ತಿತ್ತು, ಚಕ್ರಕ್ಕೆ ಸುದ್ದಿಯೇ ಇಲ್ಲ. ಸುರಕ್ಷಿತನಾದೆ ಎಂದುಕೊಂಡೆ. ಒಂದು ಸಂಜೆ ಮಸ್ಕಿಯಿಂದ ಲಿಂಗಸುಗೂರಿನ ಕಡೆ ಬರುವಾಗ, ಮಳೆ ನಿಂತ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂತು. ಎಡಗೈ ಬ್ರೇಕನ್ನು ಎಷ್ಟು ಶಕ್ತಿ ಇತ್ತೋ ಅಷ್ಟೂ ಹಿಡಿದೆ. ಹಿಂದಿನ ಚಕ್ರ ತಿರುಗುವುದು ನಿಲ್ಲಿಸಿತು; ಗಾಡಿ ನಿಲ್ಲಲಿಲ್ಲ. ಬಾಲ ಬಲಕ್ಕೆ ತೂರಿತು, ನಾನು ಎಡಕ್ಕೆ ಬಿದ್ದೆ, ಎಮ್ಮೆ ನಿಂತು ನೋಡಿತು. ಮರುದಿನ ಹೋಟೆಲಿನಲ್ಲಿ ಅದೇ ಪ್ರಶ್ನೆ ಬಂತು. "ಇಲ್ಲ, ಹಿಂದಿನದೇ ಹಿಡಿದಿದ್ದೆ" ಎಂದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಹೇಳಿದರು, "ಹಂಗಾರ ನಿನ್ನ ಟೈಮ್ ಸರಿ ಇರಲಿಲ್ಲ ಬಿಡು." ಮುಂದಿನ ಬ್ರೇಕ್ ಹಿಡಿದು ಬಿದ್ದರೆ ಬ್ರೇಕಿನ ತಪ್ಪು, ಹಿಂದಿನದು ಹಿಡಿದು ಬಿದ್ದರೆ ಗ್ರಹಗಳ ತಪ್ಪು. ಸೋಲಲಾರದ ವಾದ ಎಂದರೆ ಇದು.

ಈಗ ಯಂತ್ರ ಏನು ಹೇಳುತ್ತದೆ ಕೇಳಿ. ಬಸ್ಸು ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರೆ. ಸ್ಕೂಟಿಯಲ್ಲಿ ನಿಮ್ಮ ತೂಕವೂ ಗಾಡಿಯ ತೂಕವೂ ಹಾಗೆಯೇ ಮುಂದಿನ ಚಕ್ರದ ಮೇಲೆ ವಾಲುತ್ತದೆ. ತೂಕ ಬಿದ್ದ ಚಕ್ರಕ್ಕೆ ಹಿಡಿತ ಹೆಚ್ಚು, ತೂಕ ಕಳೆದುಕೊಂಡ ಹಿಂದಿನ ಚಕ್ರಕ್ಕೆ ಕಡಿಮೆ. ನಾವು ಮಾತ್ರ ಹಿಡಿತ ಇರುವ ಚಕ್ರವನ್ನು ಬಿಟ್ಟು ಹಿಡಿತ ಇಲ್ಲದ ಚಕ್ರವನ್ನು ಹಿಡಿಯುತ್ತೇವೆ. ಜೋಡೆತ್ತಿನ ಬಂಡಿಯಲ್ಲಿ ಬಲವಾದ ಎತ್ತನ್ನು ಬಿಚ್ಚಿ ಕೊಟ್ಟಿಗೆಯಲ್ಲಿ ಕಟ್ಟಿ, ಸೊರಗಿದ್ದೊಂದರಿಂದಲೇ ಬಂಡಿ ಎಳೆಸಿದ ಹಾಗೆ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. ಗಂಟೆಗೆ 40 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ 11 ಮೀಟರ್. ಎರಡೂ ಬ್ರೇಕ್ ಹದವಾಗಿ ಹಿಡಿದರೆ ಒಣಗಿದ ಒಳ್ಳೆಯ ಡಾಂಬರಿನಲ್ಲಿ ಗಾಡಿ 9–10 ಮೀಟರಿನಲ್ಲಿ ನಿಲ್ಲಬಹುದು. ಅದೇ ರಸ್ತೆ ನೆನೆದಾಗ ಸುಮಾರು 16 ಮೀಟರ್, ಒಂದೂವರೆ ಬಸ್ಸಿನ ಉದ್ದ. ಹಿಂದಿನ ಬ್ರೇಕೊಂದನ್ನೇ ನೆಚ್ಚಿದರೆ ಅದು ಹೆಚ್ಚು ಕಡಿಮೆ ದುಪ್ಪಟ್ಟು. ಎಮ್ಮೆ ಕಂಡು ಕೈ ಬ್ರೇಕಿಗೆ ಹೋಗುವ ಮೊದಲೇ ಕಳೆದುಹೋಗುವ ಒಂದು ಸೆಕೆಂಡಿನ 11 ಮೀಟರ್ ಇದಕ್ಕೆ ಬೇರೆ. ಲೋಳೆಯ ಮೇಲೆ, ಎರೆ ಮಣ್ಣಿನ ಮೇಲೆ ಇದ್ಯಾವುದೂ ಸಾಲದು.

"ಆದ್ರ ಮುಂದಿನ ಬ್ರೇಕ್ ಹಿಡಿದು ಬಿದ್ದವ್ರನ್ನ ನಾ ಕಣ್ಣಾರೆ ನೋಡೀನಲ್ರೀ" ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ, ನಾನೂ ನೋಡಿದ್ದೇನೆ. ಆದರೆ ಅವರು ಬಿದ್ದದ್ದು ಹೇಗೆ? ಸ್ಕೂಟಿಯ ಬಲಗೈಗೆ ಎರಡು ಕೆಲಸ: ಎಕ್ಸಲರೇಟರ್ ತಿರುವುವುದು, ಮುಂದಿನ ಬ್ರೇಕ್ ಹಿಡಿಯುವುದು. ವರ್ಷಗಟ್ಟಲೆ ಬಲಗೈ ಬ್ರೇಕ್ ಮುಟ್ಟದವನ ಬೆರಳಿಗೆ ಅದನ್ನು ಎಷ್ಟು ಹಿಡಿದರೆ ಏನಾಗುತ್ತದೆ ಎಂಬ ಅಂದಾಜು ಇರುವುದಿಲ್ಲ. ನಾಯಿ ಅಡ್ಡ ಬಂದಾಗ ಭಯಕ್ಕೆ ಮುಷ್ಟಿ ತಾನಾಗಿ ಕಟ್ಟಿಕೊಳ್ಳುತ್ತದೆ, ಬ್ರೇಕ್ ಒಮ್ಮೆಲೇ ಪೂರ್ತಿ ಬೀಳುತ್ತದೆ, ಎಷ್ಟೋ ಸಲ ಅದೇ ಕೈಯಲ್ಲಿ ಎಕ್ಸಲರೇಟರೂ ತಿರುಗುತ್ತದೆ. ಹ್ಯಾಂಡಲ್ ಹೊರಳಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ಅಂದರೆ ಮುಟ್ಟಬ್ಯಾಡ ಎಂಬ ಬುದ್ಧಿವಾದ ತಪ್ಪಿಸಬೇಕಿದ್ದ ಬೀಳಾಟವನ್ನು ತಾನೇ ತಯಾರು ಮಾಡುತ್ತದೆ. ಈಜು ಬಾರದ ಹುಡುಗ ಬಾವಿಯಲ್ಲಿ ಮುಳುಗಿದ ಎಂದು ಊರಿನ ಹುಡುಗರಿಗೆಲ್ಲ ಈಜು ಕಲಿಸುವುದನ್ನು ನಿಲ್ಲಿಸಿದ ಹಾಗಾಯಿತು.

ಇನ್ನೊಂದು ಸಂಗತಿ ಹೇಳಿದರೆ ಚಹಾದ ಹೋಟೆಲಿನಲ್ಲಿ ನಗು ಬರಬೇಕು. 2019ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ 125 ಸಿಸಿವರೆಗಿನ ಹೊಸ ದ್ವಿಚಕ್ರ ವಾಹನಗಳಿಗೆ ಕಂಬೈನ್ಡ್ ಬ್ರೇಕ್ ಅಥವಾ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯ. ನಮ್ಮ ಬೀದಿಯ ಬಹುತೇಕ ಹೊಸ ಸ್ಕೂಟಿಗಳಲ್ಲಿ ಇರುವುದು ಈ ಕಂಬೈನ್ಡ್ ಬ್ರೇಕು; ಎಡಗೈ ಬ್ರೇಕ್ ಹಿಡಿದರೆ ಹಿಂದಿನದರ ಜೊತೆಗೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಮುಟ್ಟುವುದಿಲ್ಲ ಎಂದು ನೀವು ಆಣೆ ಮಾಡಿದ ಮುಂದಿನ ಬ್ರೇಕನ್ನು ನಿಮ್ಮ ಎಡಗೈ ದಿನವೂ ಹಿಡಿಯುತ್ತಿದೆ! ಕಂಪನಿಯ ಎಂಜಿನಿಯರುಗಳು ನಿಮ್ಮ ಹಟ ನೋಡಿ, ನಿಮಗೆ ಹೇಳದೆ, ನಿಮ್ಮ ಜೀವ ಉಳಿಸುವ ಉಪಾಯ ಮಾಡಿದ್ದಾರೆ. ಅದನ್ನೂ ಕೇಬಲ್ ಸಡಿಲ ಮಾಡಿಸಿ ಕೆಡಿಸುವವರಿದ್ದಾರೆ.

ಹಾಗಾದರೆ ಹಿಡಿಯುವುದು ಹೇಗೆ? ನಮ್ಮವರಿಗೆ ಬೇರೆ ಪಾಠ ಬೇಡ. ಎಮ್ಮೆ ಹಿಂಡಿದ ಕೈಗೆ ಇದು ಗೊತ್ತು. ಕೆಚ್ಚಲನ್ನು ಯಾರೂ ಜಗ್ಗುವುದಿಲ್ಲ. ಮೆಲ್ಲಗೆ ಹಿಡಿದು ಒತ್ತಡ ಏರಿಸುತ್ತಾರೆ. ಬ್ರೇಕೂ ಹಾಗೆಯೇ. ಮೊದಲು ಎಕ್ಸಲರೇಟರ್ ಪೂರ್ತಿ ಬಿಡಿ. ಹ್ಯಾಂಡಲ್ ನೇರ ಇರಲಿ. ಎರಡೂ ಬ್ರೇಕನ್ನು ಎರಡೆರಡು ಬೆರಳಿನಿಂದ ಒಟ್ಟಿಗೆ ಹಿಡಿದು ಬಿಗಿ ಮಾಡುತ್ತ ಹೋಗಿ. ತಿರುವಿನ ಬ್ರೇಕು ತಿರುವಿಗೆ ಮೊದಲೇ ಮುಗಿಯಬೇಕು. ಮಣ್ಣಿನ ಹೆಂಟೆ, ಮರಳು, ರಸ್ತೆಗೆ ಬಳಿದ ಬಿಳಿ ಬಣ್ಣ, ಡಾಂಬರಿನ ಮೇಲೆ ಕಾಮನಬಿಲ್ಲಿನಂತೆ ಹೊಳೆಯುವ ಎಣ್ಣೆ — ಇವುಗಳ ಮೇಲೆ ಯಾವ ಬ್ರೇಕೂ ಬೇಡ, ವೇಗ ಮೊದಲೇ ಇಳಿಸಿ ಸುಮ್ಮನೆ ನೇರ ದಾಟಿ. ಭೂಮಿಗೆ ಹದ ಬಂತೋ ಇಲ್ಲವೋ ಎಂದು ಮಣ್ಣು ಹಿಡಿ ಮಾಡಿ ನೋಡುವ ರೈತ, ಬ್ರೇಕಿಗೂ ಹದ ಉಂಟು ಎಂದರೆ ನಕ್ಕುಬಿಡುವುದು ನನಗೆ ಇವತ್ತಿಗೂ ಅರ್ಥವಾಗದ ಮಾತು.

ಮೂರನೆಯದು, ಕಾಲು ಕೆಳಗೆ ಬಿಟ್ಟು ಅಂಚಿನಲ್ಲಿ ಹೋಗುವುದು. ಜಾರಿದರೆ ಕಾಲು ಊರಬಹುದು ಎಂಬ ಆಸೆ. ನೂರಕ್ಕೂ ಮಿಕ್ಕಿದ ಕಿಲೋ ಗಾಡಿ, ಮೇಲೆ ನೀವು, ಹಿಂದೆ ಇನ್ನೊಬ್ಬರು. ಚಲಿಸುವ ಈ ತೂಕವನ್ನು ಒಂದು ಪಾದ ತಡೆಯುವುದಿಲ್ಲ. ತಡೆಯಲು ಹೋದರೆ ಮುರಿಯುವುದು ಪಾದದ ಕೀಲು. ಕಾಲು ಫುಟ್‌ಬೋರ್ಡಿನ ಮೇಲಿದ್ದರೆ ಮೈಯೂ ಗಾಡಿಯೂ ಒಂದಾಗಿರುತ್ತವೆ, ಜೋತುಬಿಟ್ಟರೆ ಎರಡಾಗುತ್ತವೆ. ಅಂಚಿನ ಮಾತಂತೂ ಇನ್ನೂ ಕೆಟ್ಟದ್ದು. ನೀರು ನಿಲ್ಲುವುದು ಅಂಚಿನಲ್ಲಿ, ಕೆಸರು ಸೇರುವುದು ಅಂಚಿನಲ್ಲಿ, ಡಾಂಬರು ಮುಗಿದು ಅರ್ಧ ಅಡಿ ಕುಸಿದಿರುವುದೂ ಅಲ್ಲೇ. ಬೈಕಿನ ಹದಿನೇಳು–ಹದಿನೆಂಟು ಇಂಚಿನ ಚಕ್ರ ಹಾರಿ ದಾಟುವ ಗುಂಡಿಯಲ್ಲಿ ಸ್ಕೂಟಿಯ ಹತ್ತು–ಹನ್ನೆರಡು ಇಂಚಿನ ಚಕ್ರ ಕೂತುಬಿಡುತ್ತದೆ. ನೀರು ತುಂಬಿದ ಗುಂಡಿಯ ಆಳ ಬಿದ್ದ ಮೇಲೆಯೇ ಗೊತ್ತಾಗುವುದು. ಮುಂದೆ ಹೋದ ವಾಹನದ ಗಾಲಿ ನೀರು ಸರಿಸಿ ಮಾಡಿದ ಜಾಡಿನಲ್ಲಿ, ಅದರಿಂದ ಸಾಕಷ್ಟು ದೂರ ಬಿಟ್ಟು, ದೀಪ ಹಚ್ಚಿಕೊಂಡು ಹೋಗುವುದೇ ಸರಿ.

ಗಾಳಿಗೆ ನಮ್ಮಲ್ಲಿ ಬುದ್ಧಿವಾದವೇ ಇಲ್ಲ. "ಗಟ್ಟಿ ಹಿಡ್ಕೋ" ಎನ್ನುತ್ತಾರೆ, ಅಷ್ಟೇ. ಬಿಗಿಯಾಗಿ ಹಿಡಿದ ಕೈ ಗಾಳಿಯ ಪ್ರತಿ ಹೊಡೆತವನ್ನೂ ಹ್ಯಾಂಡಲಿಗೆ ಸಾಗಿಸುತ್ತದೆ. ಮೊಣಕೈ ಸಡಿಲ ಇದ್ದರೆ ಗಾಡಿ ಸ್ವಲ್ಪ ಅಲುಗಿ ತಾನೇ ಸರಿಹೋಗುತ್ತದೆ. ರಾಯಚೂರು–ಬೆಳಗಾವಿ ರಸ್ತೆಯಲ್ಲಿ ಎದುರಿನಿಂದ ಲಾರಿ ದಾಟುವಾಗ ಗಾಳಿ ಮೊದಲು ಹೊರಕ್ಕೆ ತಳ್ಳುತ್ತದೆ, ಮರುಗಳಿಗೆ ಒಳಕ್ಕೆ ಸೆಳೆಯುತ್ತದೆ. ಅಡ್ಡಗಾಳಿಯ ದಿನ ಆ ಲಾರಿ ಒಂದು ಕ್ಷಣ ಗಾಳಿಗೆ ಗೋಡೆಯಾಗಿ, ದಾಟಿದ ಕೂಡಲೇ ಗಾಳಿ ಒಮ್ಮೆಲೇ ಬಡಿಯುತ್ತದೆ. ಇದು ಗೊತ್ತಿದ್ದವನು ಮೊದಲೇ ವೇಗ ಇಳಿಸಿ ಒಂದು ಮಾರು ಜಾಗ ಬಿಟ್ಟುಕೊಂಡಿರುತ್ತಾನೆ. ನಮ್ಮಲ್ಲಿ ಆ ಹೊತ್ತಿಗೆ ಫುಟ್‌ಬೋರ್ಡಿನ ಮೇಲೆ ಯೂರಿಯಾ ಚೀಲ, ಚೀಲದ ಮೇಲೆ ಮಗು, ಹಿಂದೆ ಕೂತ ತಾಯಿಯ ಕೈಯಲ್ಲಿ ಬಿಚ್ಚಿದ ಛತ್ರಿ! ಛತ್ರಿ ಎಂದರೆ ದೋಣಿಯ ಹಾಯಿ ಎಂದೇ ತಿಳಿಯಿರಿ. ಗಾಳಿ ಅದನ್ನು ಎಳೆದರೆ ಹಿಂದೆ ಕೂತವರನ್ನೂ ಜೊತೆಗೆ ಎಳೆಯುತ್ತದೆ. ಪಟಪಟ ಹಾರುವ ಗೊಬ್ಬರ ಚೀಲದ ಕೊಪ್ಪೆ, ಕಟ್ಟದ ಸೆರಗು, ದುಪ್ಪಟ್ಟಾಗಳೂ ಅದೇ ಜಾತಿ. ಮೈಗೆ ಹತ್ತಿದಂತಿರುವ ಅಂಗಿ–ಪ್ಯಾಂಟಿನ ರೇನ್‌ಕೋಟು ಸಾಕು. ಬಿರುಗಾಳಿ, ಸಿಡಿಲು ಬಂದರೆ ನಿಲ್ಲಿ. ಆದರೆ ಹುಣಸೆ–ಬೇವಿನ ಮರದ ಕೆಳಗೆ ಬೇಡ, ಅಂಗಡಿಯೋ ಬಸ್ ತಂಗುದಾಣವೋ ನೋಡಿ. ಹಳ್ಳದ ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಆ ದಿನ ಊರು ಆಚೆ ದಡದಲ್ಲೇ ಇರಲಿ.

"ಮಳ್ಯಾಗ ಹೆಲ್ಮೆಟ್ ಹಾಕ್ಕೊಂಡ್ರ ಕಣ್ಣು ಕಾಣಂಗಿಲ್ಲ" ಎಂಬ ಉಪಕಥೆಯೂ ಇದೆ. ಗಾಜಿಗೆ ಹಬೆ ಕಟ್ಟಿದರೆ ಎರಡು ಬೆರಳಷ್ಟು ಎತ್ತಿ. ಹೆಲ್ಮೆಟ್ ತೆಗೆದು ಹ್ಯಾಂಡಲಿಗೆ ಸಿಕ್ಕಿಸಬೇಡಿ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವೆಂದು ಕರ್ನಾಟಕದಲ್ಲಿ 2016ರ ಜನವರಿಯಿಂದ ಜಾರಿ ಮಾಡಿದ್ದಾರೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅಷ್ಟೂ ಜನಕ್ಕೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು.

ಅದೇ ವರದಿ ಹಿಡಿದು ನನ್ನ ಮೇಲೇ ತಿರುಗಿಬೀಳಬಹುದು: ಅಪಘಾತಗಳಲ್ಲಿ ಸುಮಾರು ಮುಕ್ಕಾಲು ಪಾಲು ನಡೆಯುವುದು ಮಳೆಯಿಲ್ಲದ ನಿರ್ಮಲ ಹವೆಯಲ್ಲಿ, ಮತ್ತೆ ಮಳೆಗೇಕೆ ಇಷ್ಟು ರಂಪ? ವರ್ಷದಲ್ಲಿ ಬಹುಪಾಲು ದಿನ ಮಳೆಯೇ ಇಲ್ಲದಿದ್ದರೆ ಅಪಘಾತಗಳೂ ಬಹುಪಾಲು ಆ ದಿನಗಳಲ್ಲೇ ಬೀಳುತ್ತವೆ. ಅದರಿಂದ ಒದ್ದೆ ರಸ್ತೆ ಒಳ್ಳೆಯದೆಂದು ಸಿದ್ಧವಾಗುವುದಿಲ್ಲ.

ಕೊನೆಯದು ಹಣೆಬರಹ. ಇದಕ್ಕೆ ಜೋಡಿಯಾಗಿ ಇನ್ನೊಂದು ಗಟ್ಟಿ ವಾದ ಬರುತ್ತದೆ: ರಸ್ತೆ ಸರಿ ಮಾಡದ ಸರಕಾರವನ್ನು ಬಿಟ್ಟು ಬಡಪಾಯಿ ಸವಾರನಿಗೆ ಪಾಠವೇ? ಈ ಮಾತಿಗೆ ನಾನು ಅರ್ಧ ಬಾಗುತ್ತೇನೆ. ಎರೆ ನೆಲ ನೆನೆದಾಗ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ. ಅಂಥ ನೆಲದ ಮೇಲೆ ಬುನಾದಿ ಗಟ್ಟಿ ಮಾಡದೆ ಡಾಂಬರು ಬಳಿದವರನ್ನು ಬಿಡಬಾರದು. ಮಣ್ಣು ಚೆಲ್ಲಿದ ಟ್ರ್ಯಾಕ್ಟರಿನವರೂ, ರಾಶಿಯನ್ನು ರಸ್ತೆಗೆ ಹರವುವವರೂ ಉತ್ತರ ಕೊಡಬೇಕು. ಒಣ ಮೈದಾನದಲ್ಲಿ ಎಂಟರ ಆಕಾರ ಸುತ್ತಿಸಿ ಲೈಸೆನ್ಸ್ ಕೊಡುವ ಪರೀಕ್ಷೆಯಲ್ಲಿ ಒದ್ದೆ ರಸ್ತೆಯ ಮೇಲೆ ಬ್ರೇಕ್ ಹಿಡಿಯುವ ವಿದ್ಯೆಗೆ ಜಾಗವೇ ಇಲ್ಲವಾದದ್ದೂ ಸವಾರನ ತಪ್ಪಲ್ಲ. ಇವೆಲ್ಲಕ್ಕೂ ಅರ್ಜಿ ಕೊಡೋಣ, ಜಗಳ ಮಾಡೋಣ. ಆದರೆ ಕೇಬಲ್ ಸಡಿಲ ಮಾಡಿಸಿದ್ದು ಸರಕಾರವಲ್ಲ. ನುಣ್ಣಗೆ ಸವೆದ ಟೈರಿನಲ್ಲಿ "ಇನ್ನೊಂದು ಮಳಿಗಾಲ ನಡೀತೈತಿ ಬಿಡ್ರಿ" ಎಂದದ್ದೂ ಸರಕಾರವಲ್ಲ. ದ್ವಿಚಕ್ರ ವಾಹನದ ಟೈರಿನ ಗೀರು 0.8 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂದು ನಿಯಮವಿದೆ. ಗೀರಿನ ಒಳಗೆ ಇರುವ ಉಬ್ಬು ಗುರುತಿನ ಮಟ್ಟಕ್ಕೆ ಟೈರು ಸವೆದಿದ್ದರೆ ಅದು ನೀರನ್ನು ಹೊರಗೆ ತಳ್ಳಲಾರದು. ಕೂರಿಗೆಯ ತಾಳು ಸವೆದರೆ ಬಿತ್ತನೆಗೆ ಮೊದಲೇ ಬದಲಿಸುತ್ತೇವೆ. ಅಲ್ಲಿ ಹಣೆಬರಹದ ಮಾತು ಬರುವುದಿಲ್ಲ.

ಇವತ್ತು ಈ ರಸ್ತೆಗಳಲ್ಲಿ ಸ್ಕೂಟಿ ಓಡಿಸುವವರು ಯಾರು? ಎಂಟು ಗಂಟೆಗೆ ಹಳ್ಳಿಯ ಶಾಲೆ ಮುಟ್ಟಬೇಕಾದ ಟೀಚರ್, ಔಷಧದ ಚೀಲ ಹೊತ್ತ ಆಶಾ ಕಾರ್ಯಕರ್ತೆ, ಅಂಗನವಾಡಿಯ ಅಕ್ಕ, ಕಾಲೇಜಿಗೆ ಹೋಗುವ ಮಗಳು. ಮಳೆ ಬಂತೆಂದು ಇವರು ಮನೆಯಲ್ಲಿ ಕೂರುವಂತಿಲ್ಲ. ಗಾಡಿ ಕೊಡಿಸಿದ ದಿನ ಲಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತೇವೆ, "ಹುಷಾರಿ ಅವ್ವಾ" ಎನ್ನುತ್ತೇವೆ, ಒಂದು ಕೈಯ ಬ್ರೇಕನ್ನು ಕಿತ್ತುಕೊಂಡು ಕಳಿಸುತ್ತೇವೆ.

ನನ್ನದು ಒಂದೇ ಕೋರಿಕೆ. ಈ ಸಲದ ಮೊದಲ ಮಳೆ ನಿಂತ ಮೇಲೆ ಬರುವ ರವಿವಾರ, ಮನೆಯ ಹುಡುಗ–ಹುಡುಗಿಯರನ್ನು ಕರೆದುಕೊಂಡು ಊರ ಹೊರಗೆ ವಾಹನ ಓಡಾಡದ, ನೆನೆದ ಡಾಂಬರಿನ ತುಣುಕೊಂದಕ್ಕೆ ಹೋಗಿ. ಹೆಲ್ಮೆಟ್ ಹಾಕಿಸಿ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ನೇರ ಓಡಿಸಿ, ಒಂದೇ ಗುರುತಿನಲ್ಲಿ ಬ್ರೇಕ್ ಹಿಡಿದು, ಒಮ್ಮೆ ಎಡಗೈ ಬ್ರೇಕೊಂದರಿಂದ ನಿಲ್ಲಿಸಲಿ, ಒಮ್ಮೆ ಎರಡನ್ನೂ ಮೆಲ್ಲಗೆ ಹಿಂಡಿ ನಿಲ್ಲಿಸಲಿ. ಎರಡೂ ಸಲ ಚಕ್ರ ನಿಂತಲ್ಲಿ ಒಂದೊಂದು ಕಲ್ಲಿಡಿ. ನಡುವಿನ ಅಂತರವನ್ನು ಹೆಜ್ಜೆ ಹಾಕಿ ಅಳೆಯಿರಿ. ಅದಕ್ಕೂ ಮೊದಲು ಗ್ಯಾರೇಜಿಗೆ ಹೋಗಿ ಆ ಸಡಿಲ ಬಿಟ್ಟ ಕೇಬಲನ್ನು ಬಿಗಿ ಮಾಡಿಸಿಕೊಂಡು ಬನ್ನಿ. ಹತ್ತು ನಿಮಿಷದ ಕೆಲಸ.